ಬೀಗದ ಕೈ ಯಾರ ಬಳಿ ಇದೆ?

2021ರ ಸೆಪ್ಟೆಂಬರ್ 21ರ ಸಂಜೆ ನಾವು ಶಿವಾಜಿನಗರದ ರಸೆಲ್ ಮಾರ್ಕೆಟ್ ಬಳಿಯ ಚಹಾದಂಗಡಿಯಲ್ಲಿ ಕೂತಿದ್ದೆವು. ಅಂದು ಬನ್ನೇರುಘಟ್ಟ ರಸ್ತೆಯ ಕಡೆಯ ದೇವರಚಿಕ್ಕನಹಳ್ಳಿಯಲ್ಲಿ ಅಪಾರ್ಟ್‌ಮೆಂಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ತಾಯಿ, ಮಗಳು ಇಬ್ಬರೂ ತೀರಿಹೋಗಿದ್ದರು. ಅದರ ವಿಡಿಯೋ ಅಷ್ಟರೊಳಗೆ ಊರೆಲ್ಲ ಹರಿದಾಡಿತ್ತು. ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿನ ಹಿಂದೆ ನಿಂತು ಹೆಂಗಸೊಬ್ಬರು ಕೂಗುತ್ತಿದ್ದಾರೆ. ಬೆನ್ನಿಗೆ ಬೆಂಕಿ, ಎದುರಿಗೆ ಗಾಳಿ, ಕೆಳಗೆ ಜನ. ನಡುವೆ ಇದ್ದದ್ದು ಬರೀ ಸರಳು. ಬೆಂಚಿನಲ್ಲಿದ್ದವರು ಅದನ್ನು ನೋಡಿದರು, ಇನ್ನೊಬ್ಬರಿಗೆ ಕಳಿಸಿದರು, ಮತ್ತೆ ಚಹಾ ಹೀರಿದರು. ನಾವೂ ನೋಡಿದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ಅಲ್ಲಿ ಕೇಳಿದ ಮೂರು ಮಾತುಗಳು ಇನ್ನೂ ಕಿವಿಯಲ್ಲಿವೆ. ಒಬ್ಬ ಹುಡುಗ, "ಅಯ್ಯೋ ಪಾಪ, ನನಗೂ ಕಳ್ಸು" ಅಂದ. ಇನ್ನೊಬ್ಬರು, "ಅಂಥ ಅಪಾರ್ಟ್‌ಮೆಂಟುಗಳಲ್ಲಿ ನಮ್ಮವರಿಗೆ ಬಾಡಿಗೆಗೂ ಮನೆ ಕೊಡಲ್ಲ ಭಾಯ್, ನಮಗ್ಯಾಕೆ ಬಿಡು" ಅಂದರು. ಗಡ್ಡ ನೆರೆತ ಹಿರಿಯರೊಬ್ಬರು, "ಕ್ಯಾ ಕರ್ತೆ, ನಸೀಬ್" ಎಂದು ನಿಟ್ಟುಸಿರು ಬಿಟ್ಟರು. ಬೆಂಕಿ ಹೇಗೆ ಹತ್ತಿತು ಎಂಬುದರ ಬಗ್ಗೆ ಒಂದಿಷ್ಟು ಚರ್ಚೆಯೂ ಆಯಿತು. ಆ ತಾಯಿ-ಮಗಳು ಹೊರಗೆ ಬರಲು ಯಾಕೆ ಆಗಲಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ.

ಎರಡನೆಯ ಮಾತು ನಮ್ಮನ್ನು ಹೆಚ್ಚು ಚುಚ್ಚಿತು. ಮನೆ ಕೇಳಲು ಹೋಗಿ, ಹೆಸರು ಹೇಳಿದೊಡನೆ ಮುಖ ಮುಚ್ಚಿದ ಬಾಗಿಲುಗಳನ್ನು ನಾವೂ ಕಂಡವರೇ. ಆ ನೋವು ಸುಳ್ಳಲ್ಲ. ಆದರೆ ಸತ್ತ ಇಬ್ಬರು ಹೆಂಗಸರ ಮೇಲೆ ಆ ಲೆಕ್ಕ ತೀರಿಸಿಕೊಳ್ಳುವುದು ಯಾವ ನ್ಯಾಯ? ಇದೇ ಮಾತಿನ ಇನ್ನೊಂದು ಮುಖವನ್ನು ನಾವು ಬಲ್ಲೆವು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಕಡೆಯ ಬಾರೊಂದಕ್ಕೆ ಬೆಂಕಿ ಬಿದ್ದು, ಒಳಗೇ ಮಲಗಿದ್ದ ಐವರು ಕೆಲಸಗಾರರು ಸತ್ತರು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಕಟ್ಟಡವೊಂದರಲ್ಲಿ ಮಕ್ಕಳೂ ಸೇರಿ ಐವರು ಸತ್ತರು. ಇಂಥ ಸುದ್ದಿ ಬಂದಾಗಲೆಲ್ಲ ದೊಡ್ಡ ಅಪಾರ್ಟ್‌ಮೆಂಟಿನವರು, "ಆ ಗಲ್ಲಿಗಳೇ ಹಾಗೆ, ಒಂದರ ಮೇಲೊಂದು ಅಕ್ರಮ ಕಟ್ಟಡ, ಕಿಷ್ಕಿಂಧೆ" ಎನ್ನುತ್ತಾರೆ. ಗಲ್ಲಿಯವರು ಅಪಾರ್ಟ್‌ಮೆಂಟಿನ ಸಾವು ನಮ್ಮದಲ್ಲ ಎನ್ನುವುದು, ಅಪಾರ್ಟ್‌ಮೆಂಟಿನವರು ಗಲ್ಲಿಯ ಸಾವು ಅವರೇ ತಂದುಕೊಂಡದ್ದು ಎನ್ನುವುದು. ಹೀಗೆ ಸಾವನ್ನು ಹಂಚಿಕೊಂಡ ಮೇಲೆ, ಬೀಗ ಹಾಕಿದವನನ್ನು ಕೇಳಲು ಯಾರು ಉಳಿದರು?

ಇನ್ನು ನಸೀಬು. ನಮ್ಮ ಇಂದಿರಾನಗರ, ದೊಮ್ಮಲೂರುಗಳ ಮಗ್ಗುಲಲ್ಲೇ, ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಕಾರ್ಲ್‌ಟನ್ ಟವರ್ಸ್ ಇದೆ. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಹತ್ತಿದಾಗ ಒಂಬತ್ತು ಜನ ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಅದು ಕಚೇರಿಗಳಿದ್ದ ಕಟ್ಟಡ. ಅಲ್ಲಿ ಜನರನ್ನು ಕೊಂದದ್ದು ಉರಿಗಿಂತ ಹೆಚ್ಚಾಗಿ ಹೊಗೆ. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವೆಯಂಥ ಜಾಗದಲ್ಲಿ ಎದ್ದ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ತುರ್ತು ದಾರಿಗಳು ಬೀಗ ಬಿದ್ದು ಮುಚ್ಚಿದ್ದವು. ಉಸಿರು ಕಟ್ಟಿದವರು ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. ಕೆಳಗೆ ನೆರೆದವರ ಕಣ್ಣೆದುರೇ, ಟಿವಿಯ ಕ್ಯಾಮೆರಾಗಳ ಎದುರೇ ಇದು ನಡೆಯಿತು.

ತಂತಿಯ ಕಿಡಿಯನ್ನು ಬೇಕಾದರೆ ನಸೀಬು ಎನ್ನೋಣ. ಬೀಗವೂ ನಸೀಬೇ? ಒಳಗಿರುವವರು ಕೀಲಿಕೈ ಇಲ್ಲದೆಯೇ ತೆರೆಯುವಂತೆ ಹೊರದಾರಿಯ ಬಾಗಿಲು ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಅದನ್ನು ಮುರಿದವನು ಮನುಷ್ಯ. ನೋಡಿಯೂ ನೋಡದಂತೆ ಸಹಿ ಹಾಕುವವನು ಮನುಷ್ಯ. ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಲು ಬಿಡಬೇಡಿ ಎಂದು ಪೈಗಂಬರರು ತಮ್ಮ ಜನರಿಗೆ ಹೇಳಿದ್ದರು. ಎಲ್ಲವನ್ನೂ ವಿಧಿಗೆ ಬಿಡುವುದೇ ಧರ್ಮವಾಗಿದ್ದರೆ ಆ ಮಾತಿನ ಅಗತ್ಯವೇ ಇರಲಿಲ್ಲ. ಚಹಾದಂಗಡಿಯ ಆ ಹಿರಿಯರು ದುಃಖದಿಂದಲೇ ನಸೀಬು ಎಂದರು, ನಿಜ. ಆದರೆ ಆ ಒಂದು ಪದದ ಮರೆಯಲ್ಲಿ ಕಟ್ಟಡದ ಮಾಲೀಕ, ಗುತ್ತಿಗೆದಾರ, ಅಧಿಕಾರಿ ಮೂವರೂ ನುಣುಚಿಕೊಳ್ಳುತ್ತಾರೆ.

ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಾಗುತ್ತದೆ. 24 ಅಂತಸ್ತಿನ ಆ ವಸತಿ ಕಟ್ಟಡಕ್ಕೆ 2017ರ ಜೂನ್ 14ರ ನಡುರಾತ್ರಿ ಬೆಂಕಿ ಬಿತ್ತು, 72 ಜನ ಸತ್ತರು. ಅದು ರಂಜಾನ್ ತಿಂಗಳು. ಸಹರಿಗಾಗಿ ಎಚ್ಚರವಿದ್ದ ಮುಸ್ಲಿಮರು ಮಲಗಿದ್ದ ನೆರೆಯವರ ಬಾಗಿಲು ಬಡಿದು ಎಬ್ಬಿಸಿದರು. ಆ ಕ್ಷಣದಲ್ಲಿ ಒಳಗಿರುವವರು ನಮ್ಮವರೋ ಅಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ. ಕಟ್ಟಡ ಸುರಕ್ಷಿತವಲ್ಲವೆಂದು ನಿವಾಸಿಗಳು ಮೊದಲೇ ಎಚ್ಚರಿಸಿದ್ದರೂ ಕೇಳುವವರಿರಲಿಲ್ಲ. ದುರಂತದ ನಂತರ ಅವರು ವರ್ಷಗಟ್ಟಲೆ ಪ್ರತಿ ತಿಂಗಳ 14ರಂದು ಬೀದಿಗಿಳಿದು ಮೌನವಾಗಿ ನಡೆದರು. 2024ರ ಸೆಪ್ಟೆಂಬರಿನಲ್ಲಿ ಬಂದ ವಿಚಾರಣಾ ವರದಿ, ಆ ಸಾವುಗಳನ್ನೆಲ್ಲ ತಪ್ಪಿಸಬಹುದಿತ್ತು ಎಂದಿತು. ಅವರು ತಮ್ಮ ಸತ್ತವರನ್ನು ನಸೀಬಿಗೆ ಒಪ್ಪಿಸಿ ಸುಮ್ಮನಾಗಲಿಲ್ಲ.

ನಮ್ಮಲ್ಲಿಯೂ ಅಂಥವರು ಇಲ್ಲವೆಂದಲ್ಲ. ಕಾರ್ಲ್‌ಟನ್‌ನಲ್ಲಿ ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಅವರು 'ಬಿಯಾಂಡ್ ಕಾರ್ಲ್‌ಟನ್' ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ಹೋರಾಡಿದರು. ಆದರೆ ಉಳಿದ ನಾವೆಲ್ಲ ಏನು ಮಾಡಿದೆವು? ಮಂತ್ರಿಗಳು ಬಂದು ಹೋಗುವುದು, ಪರಿಹಾರದ ಘೋಷಣೆ, ತನಿಖೆಯ ಆದೇಶ, ಒಂದಿಷ್ಟು ದಿನ ನೋಟಿಸುಗಳ ಸುರಿಮಳೆ. ಇಷ್ಟಾದರೆ ನಮಗೆ ಸಾಕು.

ಅಂದು ಚಹಾದಂಗಡಿಯಿಂದ ಹಲಸೂರಿನ ನಮ್ಮ ಮನೆಗೆ ಬಂದವರು ನೇರ ಮೆಟ್ಟಿಲು ಹತ್ತಿದೆವು. ತಾರಸಿಯ ಬಾಗಿಲಿಗೆ ಬೀಗ. ನಲ್ಲಿ ಕದಿಯುತ್ತಾರೆಂದು ಹಾಕಿಸಿದ್ದು. ಆ ತೀರ್ಮಾನಕ್ಕೆ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾವೂ ಒಬ್ಬರು. ಕೀಲಿಕೈ ವಾಚ್‌ಮನ್ ಬಳಿ, ಅವನು ಊಟಕ್ಕೆ ಹೋಗಿದ್ದ. ಮೆಟ್ಟಿಲ ಕೆಳಗೆ, ಕರೆಂಟಿನ ಮೀಟರುಗಳಿಗೆ ಒತ್ತಿಕೊಂಡು ಐದು ಬೈಕುಗಳು. ನಮ್ಮ ಬಾಲ್ಕನಿಗೂ ಗ್ರಿಲ್ಲು, ಅದರಲ್ಲಿ ತೆರೆಯಬಹುದಾದ ಒಂದು ಕಿಂಡಿಯೂ ಇರಲಿಲ್ಲ. ಕಳ್ಳನ ಭಯಕ್ಕೆ ನಮ್ಮ ಮಕ್ಕಳನ್ನು ನಾವೇ ಒಳಗೆ ಕೂಡಿಹಾಕಿದ್ದೆವು. ಈಗ ಗ್ರಿಲ್ಲಿಗೆ ಒಳಗಿನಿಂದ ತೆರೆಯುವ ಕಿಂಡಿ ಬಂದಿದೆ, ತಾರಸಿಗೆ ಬೀಗದ ಬದಲು ಒಳಗಿನ ಚಿಲಕ. ಬೈಕುಗಳ ಜಗಳ ಇನ್ನೂ ಮುಗಿದಿಲ್ಲ.

ಮಾಲೀಕರನ್ನೂ ಅಧಿಕಾರಿಗಳನ್ನೂ ಬಿಡಬೇಡಿ. ಅವರ ಹೊಣೆ ದೊಡ್ಡದು, ಅದನ್ನು ಕೇಳುತ್ತಲೇ ಇರಬೇಕು. ಆದರೆ ಕೆ.ಆರ್. ಪುರದ ಹೊಸ ಟವರಿನಲ್ಲಿರಲಿ, ಶಿವಾಜಿನಗರದ ಹಳೆಯ ಗಲ್ಲಿಯಲ್ಲಿರಲಿ, ಇದನ್ನು ಓದುತ್ತಿರುವವರು ಇವತ್ತು ರಾತ್ರಿ ಮಲಗುವ ಮೊದಲು ಒಮ್ಮೆ ನಿಮ್ಮ ಮೆಟ್ಟಿಲು ಹತ್ತಿ ಇಳಿದು ಬನ್ನಿ. ಎಲ್ಲಿ ಬೀಗ ಇದೆ, ಅದರ ಕೈ ಯಾರ ಬಳಿ ಇದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಪಕ್ಕದ ಮನೆಯ ಬಾಗಿಲು ಬಡಿಯಿರಿ, ಅವರು ಯಾರೇ ಆಗಿರಲಿ.