ಹದಿನೇಳು ತಾಸಿನ ದಾರಿ ಅಲ್ಲ, ಅರವತ್ತು ತಾಸಿನದು

ನಮ್ಮ ಓಣಿಯ ಅಜ್ಜ ಒಬ್ಬರು ಕಳೆದ ಚಳಿಗಾಲದಲ್ಲಿ ಸೋಮವಾರ ಬೆಳಿಗ್ಗೆ ಆರಕ್ಕೆ ತೀರಿಕೊಂಡರು. ಮಗ ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. ಯಾರೋ ಮೊಬೈಲ್ ತೆಗೆದು ನೋಡಿ, 'ಬೆಂಗಳೂರಿಗೆ ಹದಿನೇಳು ತಾಸು' ಅಂದರು. ಊರೆಲ್ಲ ಅದನ್ನೇ ನಂಬಿ ಕೂತಿತು. ಮರುದಿನ ಮಧ್ಯಾಹ್ನದವರೆಗೆ ಕಾದು ಮಣ್ಣು ಮಾಡಿದರು. ಮಗ ಬಂದಿದ್ದು ಬುಧವಾರ ಸಂಜೆ. 'ಅಪ್ಪನ ಮಣ್ಣಿಗೂ ಬರಲಿಲ್ಲ ನೋಡ್ರಿ' ಎಂಬ ಮಾತು ಇನ್ನೂ ನಿಂತಿಲ್ಲ.

ಮೊಬೈಲ್ ಹೇಳಿದ್ದು ಸುಳ್ಳಲ್ಲ. ಈ ಎರಡು ವಿಮಾನ ನಿಲ್ದಾಣಗಳ ನಡುವೆ ನೇರ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಹಾರಿ ಸುಮಾರು 17 ತಾಸಿನಲ್ಲೇ ಬೆಂಗಳೂರಿಗೆ ಬಂದಿಳಿದರು. ಆದರೆ ಅದು ವಿಮಾನ ಗಾಳಿಯಲ್ಲಿರುವ ಹೊತ್ತು ಮಾತ್ರ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಆಗುವ ಹೊತ್ತಲ್ಲ.

ಆ ಮಗನ ಲೆಕ್ಕ ನೋಡಿ. ಇಲ್ಲಿ ಸೋಮವಾರ ಬೆಳಿಗ್ಗೆ ಆರು ಅಂದರೆ ಅಲ್ಲಿ ಭಾನುವಾರ ಸಂಜೆ ನಾಲ್ಕೂವರೆ. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ತಾಸು ಹಿಂದೆ. ಅಂದು ರಾತ್ರಿಗೆ ಟಿಕೆಟ್ ಸಿಗಲಿಲ್ಲ. ಮರುದಿನ ಸಂಜೆ ನಾಲ್ಕಕ್ಕೆ ಹೊರಟರು, ಅದೂ ದುಬೈ ಮೇಲಿಂದ. ದುಬೈಗೆ 16 ತಾಸು, ಅಲ್ಲಿ ಕಾಯುವುದು 5 ತಾಸು, ಬೆಂಗಳೂರಿಗೆ ಮತ್ತೆ 4 ತಾಸು. ಇಳಿದಾಗ ನಮ್ಮಲ್ಲಿ ಬುಧವಾರ ಬೆಳಿಗ್ಗೆ ಆರೂವರೆ.

ಅಲ್ಲಿಂದ ನಮ್ಮೂರಿಗೆ 500 ಕಿ.ಮೀ. ಮೇಲೆ. ದೇವನಹಳ್ಳಿಯಿಂದ ಕಾರಿನಲ್ಲಿ ಹತ್ತು ತಾಸು. 14,000 ಕಿ.ಮೀ.ಗೆ 17 ತಾಸು ಸಾಕಾಗುವ ಕಾಲದಲ್ಲಿ 500 ಕಿ.ಮೀ.ಗೆ ಹತ್ತು ತಾಸು! ಸುದ್ದಿ ಮುಟ್ಟಿದಾಗಿನಿಂದ ಮನೆ ಸೇರುವವರೆಗೆ ಎಲ್ಲ ಕೂಡಿ ಸುಮಾರು 60 ತಾಸು. ಇದರಲ್ಲಿ ಮಗನ ತಪ್ಪೇನು?

ನನ್ನ ಅಭಿಪ್ರಾಯ ಇಷ್ಟೇ. ದೂರದ ಊರಲ್ಲಿ ಮಕ್ಕಳಿರುವ ಪ್ರತಿ ಮನೆಯವರೂ ಈ ಲೆಕ್ಕವನ್ನು ಈಗಲೇ, ಎಲ್ಲರೂ ಚೆನ್ನಾಗಿರುವಾಗಲೇ ಕೂತು ಮಾಡಬೇಕು. ನೇರ ವಿಮಾನ ವಾರದಲ್ಲಿ ಯಾವ ದಿನ ಇದೆ? ಇಲ್ಲದಿದ್ದರೆ ಎಲ್ಲಿ ಇಳಿದು ಹತ್ತಬೇಕು? ಬೆಂಗಳೂರಿಂದ ಊರಿಗೆ ಕರೆತರುವವರು ಯಾರು? ಹಾಗೆಯೇ, 'ನನಗಾಗಿ ಕಾಯಬೇಡಿ' ಅಥವಾ 'ಎರಡು ದಿನ ಕಾಯಿರಿ' ಎಂಬ ಮಾತನ್ನೂ ಮೊದಲೇ ಆಡಿಕೊಂಡಿರಬೇಕು. ಅಪಶಕುನ ಅಂತ ಅದನ್ನು ಮುಂದೂಡಿದರೆ, ಆ ಹೊತ್ತಿನಲ್ಲಿ ಮೊಬೈಲಿನ ಒಂದು ಅಂಕಿ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ.

ಬರಲಾಗದವರನ್ನು ಬೈಯುವ ಮುಂಚೆ ಒಮ್ಮೆ ಲೆಕ್ಕ ಹಾಕೋಣ. ಅಂದು ಆ ಮಗ ಮನೆಗೆ ಬರಲಿಲ್ಲ, ನೇರ ಗದ್ದಿಗೆಗೆ ಹೋದರು. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದರು.