ಬೀಜದ ಪಾಕೀಟು ನೋಡದೆ ಬಿತ್ತಬೇಡಿ

ಹಾಸ್ಟೆಲ್ ಬಾತ್‌ರೂಮಿನ ಜಾಲಿ ಮ್ಯಾಲೆ ಬಿದ್ದ ಕೂದಲು ಯಾರದು ಅನ್ನೋ ಜಗಳ ನಮ್ಮ ಫ್ಲೋರಿನಾಗ ಹಳೇದು. ಎಲ್ಲಾರೂ ಬೋರ್‌ವೆಲ್ ನೀರಿಗೆ ಬೈದು ಸುಮ್ಮನಾಗ್ತೀವಿ. ಆದರೆ ಹೋದ ಸೆಮಿಸ್ಟರ್‌ನಲ್ಲಿ ನನ್ನ ರೂಮ್‌ಮೇಟ್ ಒಂದು ರಾತ್ರಿ ಮೆಲ್ಲಗೆ ಕೇಳಿದ: “ದೋಸ್ತ, ನಾಳೆ ನನ್ ಜೋಡಿ ಒಂದ್ ಕಡೆ ಬರ್ತೀಯೇನ? ಒಬ್ನ ಹೋಗಾಕ ನಾಚಿಕಿ ಆಗ್ತೈತಿ.”

ಹೋಗಿದ್ದು ಒಂದು ಕೂದಲ ಕ್ಲಿನಿಕ್ಕಿಗೆ. ಗೋಡೆ ತುಂಬ ‘ಮೊದಲು-ನಂತರ’ ಫೋಟೋ. ಕೌಂಟರಿನವರು “ಸ್ಟೆಮ್ ಸೆಲ್ ಟ್ರೀಟ್‌ಮೆಂಟ್” ಅಂತ ಹೇಳಿ, ಸೆಷನ್ ಲೆಕ್ಕದಲ್ಲಿ ಹೇಳಿದ ರೊಕ್ಕ ಒಂದು ಸೆಮಿಸ್ಟರಿನ ಮೆಸ್ ಬಿಲ್ಲಿಗಿಂತ ಜಾಸ್ತಿ. ಅವನ ಹತ್ತಿರ ಆ ರೊಕ್ಕ ಇತ್ತು. ಮೆಣಸಿನಕಾಯಿ ಮಾರಿದ ಮೇಲೆ ಅಪ್ಪ ಲ್ಯಾಪ್‌ಟಾಪ್ ತಗೋ ಅಂತ ಹಾಕಿದ್ದ ರೊಕ್ಕ ಅದು.

ಅವತ್ತಿನಿಂದ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಸಂಶೋಧನೆಯ ಮೇಲೆ ಭರವಸೆ ಇಡಿ, ಬೋರ್ಡಿನ ಮೇಲೆ ಇಡಬೇಡಿ.

ಭರವಸೆಗೆ ಕಾರಣ ಗಟ್ಟಿಯಾಗಿಯೇ ಇದೆ. ಪ್ರತಿ ಕೂದಲ ಬುಡದಲ್ಲೂ ಒಂದು ಉಬ್ಬು ಇರುತ್ತದೆ. ಸ್ಟೆಮ್ ಸೆಲ್‌ಗಳು, ಅಂದರೆ ಆಕರಕೋಶಗಳು, ಅಲ್ಲಿ ವಾಸ ಮಾಡುತ್ತವೆ ಎಂದು 1990ರಲ್ಲಿ ಗೊತ್ತಾಯಿತು. 2011ರಲ್ಲಿ ಅಮೆರಿಕದ ವಿಜ್ಞಾನಿಗಳು ಒಬ್ಬನೇ ಮನುಷ್ಯನ ತಲೆಯ ಬೋಳು ಭಾಗವನ್ನೂ ಕೂದಲಿರುವ ಭಾಗವನ್ನೂ ಹೋಲಿಸಿ ನೋಡಿದರು. ಆಕರಕೋಶಗಳು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ ಇದ್ದವು! ಬೋಳಾದ ಕಡೆ ಕಡಿಮೆಯಾಗಿದ್ದವು ಅವುಗಳಿಂದ ಹುಟ್ಟಿ ಮುಂದೆ ಕೂದಲಾಗಿ ಬೆಳೆಯಬೇಕಾದ ಕೋಶಗಳು. ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದರೆ, ಹೊಲದಾಗ ಬೀಜ ಐತಿ, ಮೊಳಕಿ ಒಡೀವಲ್ದು.

2013ರಲ್ಲಿ ಮತ್ತೊಂದು ಹೆಜ್ಜೆ. ಕೂದಲ ಬುಡದ ಪ್ಯಾಪಿಲ್ಲಾ ಕೋಶಗಳನ್ನು ಚಪ್ಪಟೆ ತಟ್ಟೆಯಲ್ಲಿ ಬೆಳೆಸಿದರೆ ಅವು ಕೂದಲು ಹುಟ್ಟಿಸುವ ಗುಣವನ್ನೇ ಮರೆತುಬಿಡುತ್ತಿದ್ದವು. ದ್ರವದ ಹನಿಯೊಳಗೆ ಉಂಡೆಯಾಗಿ ಬೆಳೆಸಿದಾಗ ಆ ಗುಣ ಒಂದಿಷ್ಟು ಮರಳಿತು. ಇಲಿಗೆ ಕಸಿ ಮಾಡಿದ ಮನುಷ್ಯರ ಚರ್ಮದಲ್ಲಿ ಹೊಸ ಕೂದಲು ಹುಟ್ಟಿತು. 2020ರಲ್ಲಿ ಆಕರಕೋಶಗಳಿಂದಲೇ ಕೂದಲಿರುವ ಪುಟ್ಟ ಚರ್ಮವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ವರದಿ ಬಂತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಇನ್‌ಸ್ಟೆಮ್ ಸಂಸ್ಥೆಯಲ್ಲೂ ಚರ್ಮದ ಆಕರಕೋಶಗಳ ಮೇಲೆ ಸಂಶೋಧನೆ ನಡೆದಿದೆ.

“ಬೋಳಾದರ ಏನಾತು? ಇದಕ್ಕೆಲ್ಲ ಸಂಶೋಧನಾ ಯಾಕ?” ಅನ್ನುವವರೂ ಇದ್ದಾರೆ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ಯ ಕನ್ನಡ ಉಪನ್ಯಾಸಕ ಜನಾರ್ದನನನ್ನು ನೋಡಿ ನಕ್ಕವರಿಗೆ, ಆ ನಗುವಿನ ಹಿಂದಿನ ನೋವೂ ಗೊತ್ತಿದೆ. ಇರುವ ಹಾಗೆ ನಮ್ಮನ್ನು ನಾವು ಒಪ್ಪಿಕೊಳ್ಳಬೇಕು, ಸರಿ. ಆದರೆ ಸುಟ್ಟಗಾಯದವರಿಗೆ ಕೂದಲೂ ಬೆವರುಗ್ರಂಥಿಯೂ ಇಲ್ಲದ ಚರ್ಮ ಸಾಲದು. ಗಾಯ ಮಾಯುವಾಗಲೂ ಈ ಕೋಶಗಳು ಕೈಗೂಡಿಸುತ್ತವೆ. ಹಾಗಾಗಿ ಇದು ಬರೀ ಷೋಕಿಯ ವಿಜ್ಞಾನ ಅಲ್ಲ.

ಹಾಗಾದರೆ ಅನುಮಾನ ಯಾಕೆ? ಇಲ್ಲಿ ನಾವು ಎಂಜಿನಿಯರ್‌ಗಳ ಹಾಗೆ ಯೋಚಿಸಬೇಕು. ಪ್ರೊಟೊಟೈಪ್ ಬೇರೆ, ಪ್ರಾಡಕ್ಟ್ ಬೇರೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಹುಟ್ಟುವ ಪ್ರತಿಯೊಂದೂ ಸರಿಯಾದ ದಿಕ್ಕಿಗೆ ಬಾಗಬೇಕು, ಬಣ್ಣ ಬರಬೇಕು, ಉದುರಿದ ಮೇಲೆ ಮತ್ತೆ ಹುಟ್ಟಬೇಕು. ‘ಬೆಳೆ’ ಅಂತ ಹೇಳಿಸಿಕೊಂಡ ಕೋಶಕ್ಕೆ ಎಲ್ಲಿ ನಿಲ್ಲಬೇಕು ಅಂತಲೂ ಗೊತ್ತಿರಬೇಕು. ಇಲ್ಲದಿದ್ದರೆ ಅದು ಗಡ್ಡೆಯಾದೀತು. ಇಲಿಯ ಮೈಮೇಲೆ ಗೆದ್ದ ಎಷ್ಟೋ ಉಪಾಯಗಳು ಮನುಷ್ಯನ ತಲೆಯ ಮೇಲೆ ಸೋತಿವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಗಾದೆ ಈ ವಿಷಯಕ್ಕೇ ಹೇಳಿದಂತಿದೆ.

ಇನ್ನು ಮಾರುಕಟ್ಟೆಯ ಮಾತು. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ತಲೆಗೆ ಚುಚ್ಚುವುದು ಪಿಆರ್‌ಪಿ. ಅದರಲ್ಲಿರುವುದು ಪ್ಲೇಟ್‌ಲೆಟ್‌ಗಳು, ಅದನ್ನು ಸ್ಟೆಮ್ ಸೆಲ್ ಚಿಕಿತ್ಸೆ ಅನ್ನುವುದು ತಪ್ಪು. ಹೇರ್ ಟ್ರಾನ್ಸ್‌ಪ್ಲಾಂಟ್ ಅಂದರೆ ಹಿಂದಲೆಯ ಕೂದಲನ್ನು ಬುಡಸಹಿತ ಕಿತ್ತು ಮುಂದೆ ನೆಡುವುದು. ಒಟ್ಟು ಕೂದಲು ಒಂದೂ ಹೆಚ್ಚುವುದಿಲ್ಲ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ನಿಜವಾದ ಔಷಧಿಗಳೇ. ಆದರೆ ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ, ಅಡ್ಡಪರಿಣಾಮಗಳೂ ಇರಬಹುದು. ವೈದ್ಯರನ್ನು ಕೇಳದೆ ತಗೋಬಾರದು. ಜ್ವರ, ಒತ್ತಡ, ಕಬ್ಬಿಣದ ಕೊರತೆಯಿಂದ ಉದುರುವ ಕೂದಲ ಕತೆಯೇ ಬೇರೆ. ಕಾರಣ ಸರಿಹೋದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ಮರಳಿ ಬರುತ್ತದೆ. ಯಾವುದು ಅಂತ ಹೇಳಬೇಕಾದವರು ಚರ್ಮರೋಗ ವೈದ್ಯರು. ಮೊದಲು ಕಿಮ್ಸ್ ಅಂತಿದ್ದ ಕೆಎಂಸಿ-ಆರ್‌ಐ ನಮ್ಮ ವಿದ್ಯಾನಗರದಲ್ಲೇ ಐತಿ.

ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ರಕ್ತ ಆಕರಕೋಶಗಳ ಕಸಿ ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಎಲ್ಲ ಇನ್ನೂ ಪ್ರಯೋಗವೇ. ಪ್ರಯೋಗ ಅಂದಮೇಲೆ ಅದು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಪ್ರಯೋಗಕ್ಕೆ ಒಳಗಾಗುವವನೇ ರೊಕ್ಕ ಕೊಡುವುದು ಎಲ್ಲಿಯ ನ್ಯಾಯ?

ಎರಡನೇ ಸಲ ಹೋದಾಗ ನಾನು ಕೌಂಟರಿನಲ್ಲಿ ನೋಂದಣಿ ಸಂಖ್ಯೆ ಕೇಳಿದೆ. “ಅದೆಲ್ಲ ನಿಮಗ್ಯಾಕ್ರಿ ಸರ, ರಿಸಲ್ಟ್ ನೋಡ್ರಿ” ಅಂದರು.

ಹೊರಗೆ ಬಂದು ಚಿಗರಿ ಬಸ್ಸಿಗೆ ಕಾಯುತ್ತ ನಿಂತಾಗ ಗೆಳೆಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: “ನಮ್ಮಪ್ಪ ಮೆಣಸಿನಕಾಯಿ ಬೀಜ ತಗೊಳ್ಳುವಾಗ ಪಾಕೀಟಿನ ಮ್ಯಾಲಿನ ನಂಬರ್ ಓದ್ತಾನ. ಬಿಲ್ ಕೊಡಲಿಲ್ಲಂದ್ರ ಅಂಗಡಿ ಬಿಟ್ಟು ಬರ್ತಾನ. ನಾ ಎಂಜಿನಿಯರಿಂಗ್ ಓದಾಕತ್ತೀನಿ, ಏನೂ ಕೇಳದ ರೊಕ್ಕ ಕೊಡಾಕ ಹೊಂಟಿದ್ದೆ.”

ಲ್ಯಾಪ್‌ಟಾಪ್ ಬಂತು. ಕೂದಲು ಇನ್ನೂ ಉದುರುತ್ತಿದೆ, ವೈದ್ಯರು ಹೇಳಿದ ಔಷಧಿ ನಡೆದಿದೆ. ಮುಂದೊಂದು ದಿನ ಪ್ರಯೋಗಾಲಯದಿಂದ ನಿಜವಾದ ಬೀಜ ಬಂದರೆ ನಾವೇ ಮೊದಲು ಸಾಲಿನಲ್ಲಿ ನಿಲ್ಲೋಣ. ಅವತ್ತೂ ಪಾಕೀಟಿನ ಮೇಲಿನ ನಂಬರ್ ಓದಿಯೇ ಕೊಳ್ಳೋಣ.