ಸಂಜೆ ಏಳಕ್ಕೆ ಸಭೆ ಕರೆಯಿರಿ, ಮೇಡಂ

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿರುವ ಮುಖ್ಯಗುರುಗಳಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯೊಬ್ಬಳ ನಮಸ್ಕಾರಗಳು.

ಬಡ್ತಿ ಪಡೆದು ನಮ್ಮ ಶಾಲೆಗೆ ಬಂದಿದ್ದೀರಿ. ಊರಿಗೆ ಸಂತೋಷವಾಗಿದೆ. ಒಂದರಿಂದ ಐದರವರೆಗೆ 150 ಮಕ್ಕಳು ದಾಟಿದರೆ, ಆರರಿಂದ ಮೇಲೆ 100 ದಾಟಿದರೆ ಮುಖ್ಯಗುರು ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಆದರೂ ನಮ್ಮಲ್ಲಿ ವರ್ಷಗಟ್ಟಲೆ ಪ್ರಭಾರದ ಮೇಲೆಯೇ ಶಾಲೆ ನಡೆಯಿತು. ಪ್ರಭಾರ ಹೊತ್ತ ಮಾಸ್ತರು ಗಣಿತವನ್ನೂ ಹೇಳಿಕೊಡಬೇಕು, ಮೊಟ್ಟೆಯ ಲೆಕ್ಕವನ್ನೂ ಬರೆಯಬೇಕು, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿಯನ್ನೂ ತುಂಬಬೇಕು, ನಡುವೆ ಬಿಇಒ ಕಚೇರಿಯ ಮೀಟಿಂಗಿಗೂ ಓಡಬೇಕು. ಅವರನ್ನು ನಾವು ದೂರುವುದಿಲ್ಲ, ಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಅವರೇ. ಆದರೆ ಊರಿನ ಪರಿಚಯ ಮಾಡಿಕೊಳ್ಳಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ನಮಗೂ ಮುಖ್ಯಗುರು ಎಂದರೆ ಠರಾವು ಪುಸ್ತಕಕ್ಕೆ ಸಹಿ ಕೇಳಿ ಕಳಿಸುವವರು ಎಂದಷ್ಟೇ ಗೊತ್ತಾಯಿತು. ನಿಮ್ಮ ಕಾಲದಲ್ಲಿ ಹಾಗಾಗಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ನೀವು ಬಳ್ಳಾರಿಯಿಂದ ಅಪ್‌ಡೌನ್ ಮಾಡುತ್ತೀರೆಂದು ಕೇಳಿದೆ. ಅದನ್ನು ತಪ್ಪೆನ್ನಲು ನನ್ನಿಂದಾಗದು. ನಿಮಗೂ ಮನೆ ಇದೆ, ಮಕ್ಕಳಿದ್ದಾರೆ, ನಮ್ಮೂರಲ್ಲಿ ಬಾಡಿಗೆಗೆ ಸಿಗುವಂಥ ಮನೆಗಳೂ ಇಲ್ಲ. ನಾನು ಕೇಳುವುದು ಇಷ್ಟೇ: ತಿಂಗಳಲ್ಲಿ ಒಂದೆರಡು ದಿನ ಸಂಜೆಯ ಬಸ್ಸು ಬಿಟ್ಟುಬಿಡಿ, ರಾತ್ರಿ ಬಸ್ಸಿಗೆ ಹೋಗಿ.

ಏಕೆಂದರೆ ನೀವು ಶಾಲೆಗೆ ಬರುವ ಹೊತ್ತಿಗೆ ಊರಲ್ಲಿ ನಾವಿರುವುದಿಲ್ಲ. ಬೆಳಕು ಹರಿಯುತ್ತಲೇ ಕೂಲಿಯವರನ್ನು ಕರೆದೊಯ್ಯುವ ಗಾಡಿಗಳು ಬಸವಣ್ಣನ ಗುಡಿ ಮುಂದೆ ಬಂದು ನಿಲ್ಲುತ್ತವೆ. ರೊಟ್ಟಿ ಕಟ್ಟಿಕೊಂಡು ಹೊರಟವರು ಮರಳುವುದು ದೀಪ ಹಚ್ಚುವ ಹೊತ್ತಿಗೆ. ಪೋಷಕರ ಸಭೆ ಮಾತ್ರ ಯಾವಾಗಲೂ ಬೆಳಿಗ್ಗೆ ಹನ್ನೊಂದಕ್ಕೆ. ಅದಕ್ಕೆ ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಸಭೆಗೆ ಅಜ್ಜಂದಿರು ಬರುತ್ತಾರೆ, ಇಲ್ಲವೇ ಯಾರೂ ಬರುವುದಿಲ್ಲ. ಆಮೇಲೆ "ಪೋಷಕರಿಗೆ ಆಸಕ್ತಿಯಿಲ್ಲ" ಎಂಬ ಮಾತು ವರದಿಯಲ್ಲಿ ಬರುತ್ತದೆ. ಆ ಮಾತು ನನಗೆ ಬಹಳ ನೋವು ಕೊಡುತ್ತದೆ, ಮೇಡಂ. ಹಗಲೆಲ್ಲ ಬಗ್ಗಿ ದುಡಿದು ಬಂದು, ಮಗನ ಪಟ್ಟಿಯಲ್ಲಿ ಮಾಸ್ತರು ಹಾಕಿದ ಕೆಂಪು ಗೆರೆ ಏನೆಂದು ಪಕ್ಕದ ಮನೆಯ ಹುಡುಗಿಯನ್ನು ಕೇಳುವ ತಾಯಂದಿರು ನಮ್ಮ ಓಣಿಯಲ್ಲಿದ್ದಾರೆ.

ಇನ್ನು ಹಾಜರಿಯ ವಿಷಯ. ಜೂನ್‌ನಲ್ಲಿ ತುಂಬಿದ ತರಗತಿಗಳು ಜನವರಿಗೆ ಏಕೆ ಬರಿದಾಗುತ್ತವೆ ಎಂಬುದಕ್ಕೆ ಉತ್ತರ ಕಾಲುವೆಯಲ್ಲಿದೆ. ಕುರುಗೋಡು, ಸಿರುಗುಪ್ಪ ಸೀಮೆಯ ನಾವು ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ನಂಬಿದವರು. ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಎಂಬುದನ್ನು ನೀರಾವರಿ ಸಲಹಾ ಸಮಿತಿ ಡ್ಯಾಮಿನಲ್ಲಿ ಉಳಿದ ನೀರು ನೋಡಿ ತೀರ್ಮಾನಿಸುತ್ತದೆ. ನೀರು ಬಂತೆಂದರೆ ಇಲ್ಲೇ ನಾಟಿ, ಕಳೆ, ಕೂಲಿ. ಬರಲಿಲ್ಲವೆಂದರೆ ಭೂಮಿ ಇಲ್ಲದವರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಎಲ್ಲರೂ ಬೆಳೆಯ ಬಗ್ಗೆ ಮಾತಾಡಿದರು. ಆ ದಿನಗಳಲ್ಲಿ ನನ್ನ ನಿದ್ದೆಗೆಡಿಸಿದ್ದು ನಾಲ್ಕನೇ ತರಗತಿಯ ಕೊನೆಯ ಎರಡು ಸಾಲು. ಆ ಸಾಲುಗಳ ಮಕ್ಕಳೆಲ್ಲ ಕೂಲಿಯವರ ಮನೆಯವರು. ಸಲಹಾ ಸಮಿತಿಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದನ್ನು ಕತ್ತರಿಸಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮುಂದಿನ ಮೂರು ತಿಂಗಳು ಯಾವ ಮನೆಗೆ ಹೋಗಿ ಮಾತಾಡಬೇಕೆಂದು ಅದರಿಂದ ನಿಮಗೆ ಮೊದಲೇ ತಿಳಿಯುತ್ತದೆ.

ಗುಳೆ ಹೋಗದ ಮನೆಗಳಲ್ಲಿ ಮೆಣಸಿನಕಾಯಿ ಇದೆ. ಕಾಯಿ ಬಿಡಿಸುವ ಸುಗ್ಗಿ ಶುರುವಾಯಿತೆಂದರೆ ಐದು, ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಶಾಲೆಯಲ್ಲಿ ಕಾಣುವುದಿಲ್ಲ. ಕೆಲವರು ಹೊಲದ ಸಾಲಿನಲ್ಲಿ ತಾಯಿಯ ಪಕ್ಕ ಇರುತ್ತಾರೆ, ಕೆಲವರು ಮನೆಯಲ್ಲಿ ಕೂಸನ್ನು ಆಡಿಸುತ್ತಿರುತ್ತಾರೆ. ಒಮ್ಮೆ ನಮ್ಮ ಕಣಕ್ಕೆ ಬಂದು ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಹೋಗಬೇಕಾದ ಕಾಯಿ ಕೆಂಪಗೆ ಹರಡಿರುತ್ತದೆ. ಘಾಟಿಗೆ ಹೊಸಬರು ಕೆಮ್ಮುತ್ತಾರೆ. ತೊಟ್ಟು ಮುರಿದು ಮುರಿದು ಹುಡುಗಿಯರ ಬೆರಳ ತುದಿ ಉರಿಯುತ್ತದೆ, ಕಣ್ಣಿಗೆ ತಾಗೀತೆಂದು ಮುಖದ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತಾರೆ. ಆ ಕೈ ಮಾರನೇ ದಿನ ಪೆನ್ಸಿಲ್ ಹಿಡಿಯಲು ಒಲ್ಲೆನ್ನುತ್ತದೆ.

2013ರಲ್ಲಿ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ನಂತರ, ಏಳು ದಿನ ಬಿಡದೆ ಗೈರಾದ ಮಗುವನ್ನು ಹೊರಗುಳಿದ ಮಗುವೆಂದು ಎಣಿಸುವ ನಿಯಮ ನಮ್ಮ ರಾಜ್ಯದಲ್ಲಿ ಬಂತು. ಒಳ್ಳೆಯ ನಿಯಮ. ಆದರೆ ಆರನೇ ದಿನ ಬಂದು ಮುಖ ತೋರಿಸಿ ಮತ್ತೆ ಹೊಲಕ್ಕೆ ಹೋಗುವ ಹುಡುಗಿ ಅದರ ಕಣ್ಣಿಗೆ ಬೀಳುವುದಿಲ್ಲ. ಅವಳನ್ನು ಹಿಡಿಯಬಲ್ಲವರು ಅವಳ ಮನೆ ಬಲ್ಲ ಮುಖ್ಯಗುರು ಮಾತ್ರ. ಗುಳೆ ಹೊರಟವರಿಗೆ ಟಿಸಿ ಕೊಡುವುದನ್ನೂ ತಡಮಾಡಬೇಡಿ. ತಡಮಾಡಿದ ಮುಖ್ಯಗುರುವಿನ ಮೇಲೆ ಶಿಸ್ತುಕ್ರಮವೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಟಿಸಿ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲವೆಂಬುದನ್ನು ಆ ತಂದೆತಾಯಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಬೇರೆ ಊರಿನ ಶಾಲೆಯ ಬಾಗಿಲಲ್ಲಿ ಅವರು ದನಿ ಎತ್ತುವವರಲ್ಲ.

ನನ್ನ ತವರು ಸಿರುಗುಪ್ಪ ತಾಲೂಕು. ಅಲ್ಲಿಯೂ ಇಲ್ಲಿಯೂ ಒಂದನೇ ತರಗತಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಮಾತು ತೆಲುಗು, ಉರ್ದು, ಲಂಬಾಣಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಬಿದ್ದರೂ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಆದೋನಿ ಕಡೆಯಿಂದ ಬಂದ ಸೊಸೆ ಮಗುವಿಗೆ ತೆಲುಗಿನಲ್ಲೇ ಲಾಲಿ ಹಾಡುತ್ತಾಳೆ. ಅಂಥ ಮಗು ಮೊದಲ ಕೆಲವು ತಿಂಗಳು ಬಾಯಿ ಬಿಡದಿದ್ದರೆ ಅದನ್ನು ದಡ್ಡರ ಲೆಕ್ಕಕ್ಕೆ ಸೇರಿಸಬೇಡಿ. ತೊತ್ತೋ-ಚಾನ್ ಪುಸ್ತಕ ನೀವು ಓದಿಯೇ ಇರುತ್ತೀರಿ, ಕನ್ನಡದಲ್ಲೂ ಇದೆ. ಟೋಕಿಯೊದ ತೊಮೊಯೆ ಶಾಲೆಯ ಮುಖ್ಯಗುರು ಕೊಬಾಯಾಶಿ ಅವರು, ಬೇರೆ ಶಾಲೆಯಿಂದ ಹೊರಹಾಕಿದ್ದ ಹುಡುಗಿಯ ಮಾತನ್ನು ಮೊದಲ ದಿನವೇ ನಾಲ್ಕು ಗಂಟೆ ಕೂತು ಕೇಳಿದರು. ನಾಲ್ಕು ಗಂಟೆ ನಿಮಗೆಲ್ಲಿ ಸಿಗಬೇಕು? ಒಂದು ಮಗುವಿಗೆ ಹತ್ತು ನಿಮಿಷ ಸಾಕು, ಅದರ ಮನೆಮಾತಿನಲ್ಲಿ. ತೆಲುಗು, ಉರ್ದು ಎರಡೂ ಬಲ್ಲ ಏಳನೇ ತರಗತಿಯ ಮಕ್ಕಳು ನಮ್ಮಲ್ಲಿದ್ದಾರೆ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಊರಿಗಿಂತ ಮೊದಲು ಅಡುಗೆ ಕೋಣೆಯನ್ನು ಪರಿಚಯ ಮಾಡಿಕೊಳ್ಳಿ. 2002ರಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗಲೂ ಇತ್ತು. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ, ಯಾವುದು ಮೊಟ್ಟೆಯನ್ನು ತಂಗಿಗೆಂದು ಲಂಗದಲ್ಲಿ ಸುತ್ತಿಕೊಂಡು ಹೋಗುತ್ತದೆ ಎಂಬುದು ಅನ್ನ ಬಡಿಸುವ ಅಕ್ಕಂದಿರಿಗೆ ಗೊತ್ತು. ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

ಶಾಲೆಯಲ್ಲಿ ತಂದೆತಾಯಿಯ ದನಿ ಇರಲೆಂದು ನಮ್ಮ ಸರ್ಕಾರ 2001ರಲ್ಲೇ ಎಸ್‌ಡಿಎಂಸಿ ಮಾಡಿತು. ಮುಂದೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಪಾಲು ಹೆಂಗಸರು ಇರಬೇಕೆಂದಿತು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ಬರೆಯಬೇಕೆಂದಿತು. ನಾವು ಆ ಯೋಜನೆಯನ್ನು ಕಣ್ಣಾರೆ ಕಂಡಿಲ್ಲ. ಸಹಿ ಹಾಕಿದ್ದೇವೆ. ಈ ಸಲ ಅದನ್ನು ನಮ್ಮೆದುರು ಓದಿಸಿ. ಹುಡುಗಿಯರ ಶೌಚಾಲಯಕ್ಕೆ ನೀರು, ಸುಗ್ಗಿಯ ತಿಂಗಳಲ್ಲಿ ತಪ್ಪಿದ ಪಾಠಕ್ಕೆ ಸಂಜೆ ತರಗತಿ, ಕೂಸುಗಳಿಗೆ ಅಂಗನವಾಡಿ ಸಂಜೆಯವರೆಗೂ ತೆರೆದಿರುವಂತೆ ಪಂಚಾಯಿತಿಗೊಂದು ಮನವಿ: ಇಷ್ಟಾದರೂ ಅದರಲ್ಲಿ ಬರಲಿ. ಕೂಸನ್ನು ನೋಡಿಕೊಳ್ಳುವವರಿದ್ದರೆ ಅಕ್ಕ ಶಾಲೆಗೆ ಬರುತ್ತಾಳೆ.

ಸಭೆಯ ದಿನವನ್ನೂ ನಾನೇ ಹೇಳುತ್ತೇನೆ. ಅಮಾವಾಸ್ಯೆಗೆ ನಮ್ಮೂರಲ್ಲಿ ಎತ್ತು ಹೂಡುವುದಿಲ್ಲ, ಕೂಲಿಗೂ ಹೋಗುವುದಿಲ್ಲ. ಅಂದು ಯಾವ ಹೊತ್ತಿಗೆ ಕರೆದರೂ ಜನ ಸಿಗುತ್ತಾರೆ. ಅದು ಆಗದಿದ್ದರೆ ಯಾವುದಾದರೂ ದಿನ ಸಂಜೆ ಏಳಕ್ಕೆ ಇಟ್ಟುಕೊಳ್ಳಿ. ನೋಟಿಸು ನೀವು ಬರೆಯಿರಿ. ಓಣಿ ಓಣಿಗೆ ಹೋಗಿ ಹೇಳುವುದು, ಹೆಂಗಸರನ್ನು ಕರೆತರುವುದು, ಸಭೆ ಮುಗಿದ ಮೇಲೆ ನಿಮ್ಮನ್ನು ಬಸ್ಸಿಗೆ ಹತ್ತಿಸುವುದು ನಮ್ಮ ಜವಾಬ್ದಾರಿ.

ಇಂತಿ ನಿಮ್ಮ ವಿಶ್ವಾಸಿ,
ಎಸ್‌ಡಿಎಂಸಿ ಸದಸ್ಯೆ, ಕುರುಗೋಡು ತಾಲೂಕು